ಮೊನೆ

ಬಂಡೆಯ ಬುಡದಿಂದ ನಮ್ಮ ಹೊಳೆ
ಹುಟ್ಟುತ್ತಲೇ ಪ್ರಾಯಕ್ಕೆ ಬಂದಿರುತ್ತದೆ.
ತೊಟ್ಟಿಲಿಲ್ಲ, ಅಂಬೆಗಾಲಿಲ್ಲ;
ಕತ್ತಲೊಳಗಿಂದ ಎದ್ದು, ಸೊಂಟದಾಳ,
ನೆಟ್ಟಗೆ ಗಿರಣಿಯ ಕಡೆ ನಡೆಯುತ್ತದೆ.

ಬೋಸ್ನಿಯಾದ ಬೆಟ್ಟವೆಲ್ಲ ಹಿಮ ಹೊದ್ದಾಗ
ಇದೊಂದೇ ಹೆಪ್ಪುಗಟ್ಟದೆ ಹಬೆಯಾಡುತ್ತದೆ.
ಆಗಸ್ಟಿನಲ್ಲಿ ಕಾಲಿಟ್ಟರೆ ಮೂಳೆ ಕಡಿಯುತ್ತದೆ.
ನೀರು ಅದೇ. ಬದಲಾದದ್ದು ನಮ್ಮ ಕಾಲು.

ನಾನು ರಸೇಮಾ. ಗಿರಣಿ ನಿಂತು ಹನ್ನೊಂದು ವರ್ಷ.
ಜೋಳ ಬೀಸುತ್ತಿದ್ದ ಕಲ್ಲಿನ ಮೇಲೆ ಈಗ
ನನ್ನ ಇಕ್ಕಳ, ಮೇಣ, ರೇಷ್ಮೆ ದಾರ, ಗರಿಯ ಡಬ್ಬಿಗಳು.
ಹುಸಿನೊಣ ಕಟ್ಟುತ್ತೇನೆ.
ಬಾತುಕೋಳಿ ಮೈಗೆಲ್ಲ ಎಣ್ಣೆ ತೀಡಿಕೊಳ್ಳುತ್ತದಲ್ಲ,
ಆ ಎಣ್ಣೆ ಒಸರುವಲ್ಲಿ, ಬಾಲದ ಬುಡದಲ್ಲಿ, ಒಂದು ಪುಟ್ಟ ಗರಿ:
ಎಷ್ಟು ನೆನೆದರೂ ಮುಳುಗಲೊಲ್ಲದು.
ಅದನ್ನು ಎರಡು ಸುತ್ತು, ಮೇಲೊಂದು ಗಂಟು,
ರೆಕ್ಕೆಯಾಯಿತು. ಮೊಲದ ಕಿವಿಯ ರೋಮ ಮೈಯಾಯಿತು.
ನಿಜದ ನೊಣಕ್ಕೆ ಬಾಯಿಲ್ಲ, ಗೊತ್ತಾ?
ವರ್ಷವಿಡೀ ಕಲ್ಲಡಿ ಇದ್ದು, ಒಂದು ದಿನ ರೆಕ್ಕೆ ಬಂದು
ಉಣ್ಣದೆ, ಕುಡಿಯದೆ, ಕೂಡಿ, ಸಾಯುತ್ತದೆ.
ನನ್ನದಕ್ಕೂ ಬಾಯಿಲ್ಲ.
ಕೊಕ್ಕೆಯಿದೆ.

ಒಬ್ರೆನ್ ಬರುವುದು ಮೂರರ ಹೊತ್ತಿಗೆ,
ಊರುಗೋಲಿನಿಂದ ಸೇತುವೆಯ ಹಲಗೆ ಎಣಿಸುತ್ತ.
ಅವನ ನೋಟದ ನಡು ಸವೆದುಹೋಗಿದೆ, ಅಂಚು ಮಾತ್ರ ಉಳಿದಿದೆ.
ನನ್ನ ಮುಖ ಕಾಣಬೇಕಾದರೆ ನನ್ನ ಕಿವಿಯಾಚೆ ನೋಡುತ್ತಾನೆ.
ಕೊಕ್ಕೆಯ ಕಣ್ಣಿಗೆ ನಾನೇ ಎಳೆ ಪೋಣಿಸಿ ಕೊಡುತ್ತೇನೆ.
"ನಿನ್ನ ನೊಣಕ್ಕೂ ಕಣ್ಣಿದೆ, ನನಗಿಲ್ಲ" ಅನ್ನುತ್ತಾನೆ,
ದಿನಾ, ಹೊಸ ಮಾತೆಂಬಂತೆ.

ಗಿರಣಿಯ ಕೆಳಗೆ, ಆಲ್ಡರ್ ಬೇರಿನಡಿ ಒಂದು ಟ್ರೌಟ್.
ಯಾರೂ ಡ್ರಮ್ಮಿನಲ್ಲಿ ತಂದು ಬಿಟ್ಟದ್ದಲ್ಲ, ಇಲ್ಲಿಯದೇ ಸಂತಾನ.
ಬೆನ್ನಿಗೆ ತಳದ ಕಲ್ಲಿನ ಬಣ್ಣ,
ಪಕ್ಕೆಗೆ ಚೆರ್ರಿ ರಸ ಸಿಡಿದಂಥ ಚುಕ್ಕೆ.
ಅದು ನೊಣ ಹೀರಿದರೆ ಮುತ್ತಿಟ್ಟ ಸದ್ದು, ಅಷ್ಟೆ.
ಒಬ್ರೆನ್ ಆ ಸದ್ದಿಗೆ ಗಾಳ ಬೀಸುತ್ತಾನೆ:
ದಾರವನ್ನು ಹಿಂದೆ ಚಾಚಿ,
ಅದು ಗಾಳಿಯಲ್ಲಿ ಮೈಮುರಿದು ನೆಟ್ಟಗಾಗುವ ತನಕ
ಒಂದುಸಿರು ಕಾದು,
ಮುಂದೆ ಇಳಿಸಿ,
ಮಲಗಿದ ಮಗುವಿನ ಮೇಲೆ ಹೊದಿಕೆ ಬಿಟ್ಟ ಹಾಗೆ.

ಆವತ್ತು ಮೀನು ಐದು ಸಲ ಎದ್ದಿತು, ಐದು ಸಲ ತಪ್ಪಿತು.
ತನ್ನ ಮಣಿಕಟ್ಟಿಗೆ, ಮುಪ್ಪಿಗೆ, ಅವರಪ್ಪನಿಗೆ ಬೈದ.
ನೊಣ ಒಣಗಿಸಿ ಕೊಡಲೆಂದು ಇಸಿದುಕೊಂಡರೆ
ಮೊನೆ ಮುರಿದಿತ್ತು,
ಹಿಂದೆ ಚಾಚುವಾಗ ಬಂಡೆಗೆ ತಾಗಿರಬೇಕು.
ಹೇಳಬೇಕಿತ್ತು.
ಉಫ್ ಎಂದು ಊದಿ, ಹಾಗೇ ಕೊಟ್ಟೆ.
ಆರನೆಯ ಸಲವೂ ಎದ್ದಿತು.
ಒಬ್ರೆನ್ ನಕ್ಕ. ಅವನ ನಗು ಕೇಳಿ ಎಷ್ಟು ಕಾಲವಾಗಿತ್ತೋ,
ನೀರಹಕ್ಕಿಯೊಂದು ಹೆದರಿ ಹಾರಿಹೋಯಿತು.

ಆಮೇಲಿಂದ ನಾನೇ, ಕೊಡುವ ಮೊದಲು,
ಇಕ್ಕಳದಲ್ಲಿ ಮೊನೆ ಚಿವುಟುತ್ತೇನೆ.
ಜೂನ್ ಪೂರ್ತಿ ಹಾಗೇ ನಡೆಯಿತು.
"ಇವತ್ತು ಮೂಗಿನಿಂದ ತಳ್ಳಿತು",
"ಇವತ್ತು ಬಾಯೊಳಗಿಟ್ಟುಕೊಂಡು ಯೋಚಿಸಿತು", ವರದಿ ಒಪ್ಪಿಸುತ್ತಾನೆ.
ಅಕ್ಕನ ಮಗ ಜಿಯಾದ್ ಕಂಡುಹಿಡಿದ. "ಅತ್ತೆ" ಎನ್ನಲಿಲ್ಲ, ಚಿಕ್ಕಮ್ಮ ಎನ್ನಲಿಲ್ಲ,
"ಇಂಥದ್ದಕ್ಕೂ ದುಡ್ಡು ತಗೊಳ್ತೀಯಾ?" ಎಂದ.
"ಅರ್ಧ" ಎಂದೆ.

ನಿನ್ನೆ ಕಾಫಿಗೆ ಕೂತಾಗ
ಒಬ್ರೆನ್ ನೊಣವನ್ನು ಅಂಗೈಲಿಟ್ಟು ಹೆಬ್ಬೆರಳಾಡಿಸುತ್ತಿದ್ದ.
ರೆಕ್ಕೆ ತಡವಿದ. ಮೈ ತಡವಿದ.
ಬಾಗು ಇಳಿದು, ಮೊನೆ ಇರಬೇಕಾದಲ್ಲಿ
ಬೆರಳು ಬಯಲಿಗೆ ಬಿತ್ತು.
ಮತ್ತೆ ಹಿಂದೆ ಬಂದು ಮತ್ತೆ ಬಿತ್ತು.
ನಾನು ಬೋಗುಣಿಯ ತಳದ ಗಸಿ ನೋಡುತ್ತ ಕೂತೆ.

"ಇಲ್ಲೊಂದು ಕಡೆ ದಾರ ಸಡಿಲವಾಗಿದೆ, ರಸೇಮಾ,
ಕೊರಳಿನ ಹತ್ತಿರ.
ಮಿಕ್ಕಿದ್ದೆಲ್ಲ ಸರಿಯಿದೆ."

ಸಡಿಲವೇ ಇತ್ತು. ಬಿಗಿದು ಕೊಟ್ಟೆ.
ಹೊರಗೆ, ಬೇರಿನಡಿ, ಮುತ್ತಿಟ್ಟ ಸದ್ದು.
ಅವನು ತಲೆ ಓರೆಮಾಡಿ
ಹೊಳೆ ಕಾಣಲೆಂದು ಗೋಡೆ ನೋಡಿದ,
ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.